ಸುಣ್ಣದ ಗೋಡೆಯ ಮೇಲೆ ಬೆರಣಿ

ಸ್ವಲ್ಪ ಹತ್ತಿರ ಬಾರೇ. ಈ ಮಾತು ನಿನ್ನ ಹೊಟ್ಟೆಯಲ್ಲೇ ಇರಲಿ, ನಾನು ಹೇಳಿದೆ ಅಂತ ಮಾತ್ರ ಅನ್ನಬೇಡ.

ತಿಪ್ಪೇರುದ್ರಪ್ಪ ಶೇಂಗಾ ಬಿಟ್ಟು ಡ್ರ್ಯಾಗನ್ ಹಣ್ಣು ಹಾಕಿದನಲ್ಲ, ಪಟ್ಟಣದವರು ನೋಡೋಕೆ ಬರಲಿ ಅಂತ ತೋಟಕ್ಕೆ ಸುಣ್ಣದ ಗೋಡೆ, ಗೇಟು ಎಲ್ಲಾ ಕಟ್ಟಿಸಿದ. ತೋಟದ ಪಕ್ಕದ ಮನೆ ಮುದುಕಿ ಸಣ್ಣೀರಮ್ಮ ಹೊಲಕ್ಕೆ ಹೋಗೋ ಕಾಲುದಾರಿ ಇರೋದು ಆ ತೋಟದೊಳಗೇ.

"ಏ ಸಣ್ಣೀರಿ, ಸಗಣಿ ಬುಟ್ಟಿ ಹೊತ್ತು ನನ್ನ ಅತಿಥಿಗಳ ಮುಂದೆ ಸುಳಿದೀಯಾ, ಜೋಕೆ!" ಅಂತ ಗೇಟಿಗೆ ಬೀಗ ಜಡಿದ.

ಗೊಬ್ಬರ ಕಾಣದ ಹೊಲದಲ್ಲಿ ರಾಗಿ ಬಂದೀತೇ? ಆದರೂ ಸಣ್ಣೀರಮ್ಮ ಜಗಳಕ್ಕೆ ನಿಲ್ಲಲಿಲ್ಲ. ಬುಟ್ಟಿ ಇಳಿಸಿ, ಆ ಬೆಳ್ಳನೆ ಗೋಡೆಗೆ ಪಟಪಟ ಬೆರಣಿ ತಟ್ಟತೊಡಗಿದಳು.

"ಅಯ್ಯಯ್ಯೋ, ನನ್ನ ಗೋಡೆ!"

"ಗೋಡೆ ನಿಮ್ಮದೇ ಯಜಮಾನ್ರೇ. ನನ್ನ ಹಿತ್ತಲಿಗೆ ಬೆನ್ನು ಹಾಕಿ ನಿಂತಿದೆ. ಹೊಲಕ್ಕೆ ಹೋಗದ ಸಗಣಿ ಇನ್ನೆಲ್ಲಿಗೆ ಹೋಗಬೇಕು?"

ಅವನು ಬೈಯೋಕೆ ಬಾಯಿ ತೆರೆಯೋದಕ್ಕೂ ಅತಿಥಿಗಳ ಬಸ್ಸು ಬರೋದಕ್ಕೂ ಸರಿಹೋಯಿತು. ಹಣ್ಣಿನ ಕಡೆ ಒಬ್ಬರೂ ತಿರುಗಲಿಲ್ಲ. ಸೆರಗು ಸಿಕ್ಕಿಸಿ, ತೋಳು ಮಡಿಚಿ, "ಅಜ್ಜಿ, ನಮಗೂ ಕಲಿಸಿ" ಅಂತ ಸಗಣಿಗೆ ಕೈ ಹಾಕಿದರು. ಸಂಜೆಯೊಳಗೆ ಗೋಡೆ ಚಿರತೆ ಮೈಯಾಯಿತು.

ಮರುದಿನ ಬಂದವರೂ ಬೆರಣಿ ಅಜ್ಜಿಯನ್ನೇ ಕೇಳಿದರು. ಆಗ ತಿಪ್ಪೇರುದ್ರಪ್ಪನೇ ಬೀಗ ತೆಗೆದು, ಅವಳ ಹೊಸಿಲಿಗೆ ಬಂದು, ಮುಖ ನೋಡಿ ಕೈಮುಗಿದ:

"ಸಣ್ಣೀರಮ್ಮಕ್ಕಾ, ದಾರಿ ನಿನ್ನದೇ. ಆ ಗೋಡೆಯೊಂದನ್ನ ಬಿಟ್ಟುಬಿಡು ತಾಯಿ, ಬುಟ್ಟಿ ಬೇಕಾದರೆ ನಾನೇ ಹೊರ್ತೀನಿ!"