ಹುಲ್ಲೇಗಾಲದ ಜೋಡಿಕಟ್ಟೆ

ಹುಲ್ಲೇಗಾಲದ ಊರಬಾಗಿಲು ದಾಟಿ ತೆಂಕಲ ದಾರಿ ಹಿಡಿದರೆ, ಊರಿಗೂ ಮಸಣಕ್ಕೂ ಸರಿ ನಡುವೆ ಒಂದು ಗೋಣಿಮರ ಸಿಗುತ್ತದೆ. ಅದರ ಬುಡಕ್ಕೆ ಸುತ್ತ ಕಟ್ಟಿದ ಕಲ್ಲಿನ ಕಟ್ಟೆ. ಬಸ್ಸು ಅಲ್ಲೇ ನಿಲ್ಲುತ್ತದೆ. ‘ಯಾರ್ರೀ ಜೋಡಿಕಟ್ಟೆ, ಇಳೀರಿ’ ಎಂದು ಕಂಡಕ್ಟರು ಕೂಗುತ್ತಾನೆ. ಇಳಿದ ಹೊಸಬರು ಇನ್ನೊಂದು ಕಟ್ಟೆ ಎಲ್ಲಿದೆ ಎಂದು ಅತ್ತಿತ್ತ ನೋಡುತ್ತಾರೆ. ಇನ್ನೊಂದು ಇಲ್ಲ, ಎಂದೂ ಇರಲಿಲ್ಲ. ಮರವೂ ಒಂದೇ, ಕಟ್ಟೆಯೂ ಒಂದೇ. ಬಸ್ಸಿಗೆ ಕಾಯುವವರು ಮಾತ್ರ ಮರದಾಚೆಗೆ ಬಿಸಿಲಲ್ಲಿ ಬೆವರುತ್ತ ನಿಂತಿರುತ್ತಾರೆ; ಇಷ್ಟು ತಂಪಾದ ನೆರಳಿನಲ್ಲಿ ಕಟ್ಟೆ ಖಾಲಿ ಬಿದ್ದಿರುತ್ತದೆ. ಹತ್ತಿರ ಹೋದರೆ ಮುಂಭಾಗದ ಚಪ್ಪಡಿಯ ಒಂದು ಮಗ್ಗುಲು ಕೂತು ಕೂತು ನುಣುಪಾಗಿರುವುದು, ಮತ್ತೊಂದು ಮಗ್ಗುಲಲ್ಲಿ ಕಲ್ಲುಕುಟಿಗನ ಉಳಿಯ ಗುರುತು ಹಾಗೆಯೇ ಉಳಿದಿರುವುದು ಕಾಣುತ್ತದೆ. ಓದಿದವರು ಕೆಲವರು ಇದು ಹಿಂದೆ ಕಡಿಮೆ ಕಂದಾಯಕ್ಕೆ ಬಿಟ್ಟುಕೊಟ್ಟ ಜೋಡಿ ಇನಾಮಿನ ಊರಾಗಿದ್ದಿರಬೇಕು, ಅದಕ್ಕೇ ಈ ಹೆಸರು ಎಂದು ಬರೆದೂ ಬಿಟ್ಟಿದ್ದಾರೆ. ಬರೆಯುವವರಿಗೇನು, ಬರೆಯುತ್ತಾರೆ. ಊರಿನ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ ಹುಲ್ಲೇಗಾಲ ಎಂಬುದು ಬರೀ ಊರಲ್ಲ, ವಿಧಾನಸಭೆಯ ಒಂದು ಕ್ಷೇತ್ರವೇ ಆಗಿತ್ತು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಅದೂ ಅಂತಿಂಥ ಕ್ಷೇತ್ರವಲ್ಲ, ಇಬ್ಬರು ಸದಸ್ಯರ ಕ್ಷೇತ್ರ: ಒಂದು ಸ್ಥಾನ ಎಲ್ಲರಿಗೆ, ಇನ್ನೊಂದು ಪರಿಶಿಷ್ಟ ಜಾತಿಯವರಿಗೆ ಮೀಸಲು. ಓಟು ಹಾಕಲು ಹೋದ ಪ್ರತಿಯೊಬ್ಬರ ಕೈಗೂ ಎರಡೆರಡು ಚೀಟಿ ಕೊಡುತ್ತಿದ್ದರು. ಪರದೆಯ ಹಿಂದೆ ಬೆಂಚಿನ ಮೇಲೆ ಒಬ್ಬೊಬ್ಬ ಹುರಿಯಾಳಿಗೆ ಒಂದೊಂದು ಪೆಟ್ಟಿಗೆ. ಮನಸ್ಸಿಗೆ ಬಂದ ಎರಡು ಪೆಟ್ಟಿಗೆಗಳಲ್ಲಿ ಒಂದೊಂದು ಚೀಟಿ ಹಾಕಿ ಬರುವುದು. ಜನ ಇದನ್ನು ಜೋಡಿ ಸೀಟು ಎಂದು ಕರೆದರು. ಮೊದಲ ಚುನಾವಣೆಯಲ್ಲಿ ಊರಿನ ಪಟೇಲರ ಮನೆಯ ಕಾಳತಮ್ಮೇಗೌಡ ನಿಂತು ಗೆದ್ದ. ಅವನ ಜೊತೆಗೆ ಮೀಸಲು ಸ್ಥಾನಕ್ಕೆ ನಿಂತಿದ್ದವರು ಬೇರೆ ಸೀಮೆಯವರು. ಪ್ರಚಾರಕ್ಕೆ ಬಂದಾಗ ಗೌಡ ಈ ಕಟ್ಟೆಯ ಮೇಲೆ ಕೂತು ಮಾತಾಡಿದರೆ, ಆ ಪುಣ್ಯಾತ್ಮರು ದೂರದಲ್ಲಿ ಬಿಸಿಲಲ್ಲೇ ಕೈಮುಗಿದು ನಿಂತಿದ್ದರು. ಊರಿಗೆ ಅದು ಬಹಳ ಚೆನ್ನಾಗಿ ಕಂಡಿತು. ಇಬ್ಬರೂ ಗೆದ್ದರು, ಯಾರೂ ಏನೂ ಅನ್ನಲಿಲ್ಲ.

ಎರಡನೆಯ ಚುನಾವಣೆಗೆ ಗೌಡ ತನ್ನ ಊರಿನ ಕೇರಿಯ ದ್ಯಾವಯ್ಯನನ್ನೇ ಜೊತೆಗೆ ಕರೆದುಕೊಂಡ. ದ್ಯಾವಯ್ಯ ಕೇರಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಮೇಷ್ಟ್ರು. ಸ್ವಾತಂತ್ರ್ಯದ ಗಲಾಟೆಯಲ್ಲಿ ಇಬ್ಬರನ್ನೂ ಹಿಡಿದು ಜೈಲಿನ ಒಂದೇ ಕೋಣೆಗೆ ನೂಕಿದ್ದರು; ತಟ್ಟೆ ಸಾಲದೆ ಹೋದಾಗ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದಿದ್ದರು. ಆ ಸಂಗತಿಯನ್ನು ಊರು ಕೇಳಿಯೂ ಕೇಳದಂತೆ ಇತ್ತು. ಜೈಲಿನ ಮಾತು ಜೈಲಿಗೆ ಎಂದು ಸಮಾಧಾನ ಮಾಡಿಕೊಂಡಿತ್ತು. ಆದರೆ ಪ್ರಚಾರದ ಮೊದಲ ದಿನ ಊರೆಲ್ಲ ಸೇರಿದ್ದಾಗ ಗೌಡ ಕಟ್ಟೆ ಹತ್ತಿ ಕೂತು, ಪಕ್ಕದ ಚಪ್ಪಡಿಯನ್ನು ಟವೆಲಿನಿಂದ ಒರೆಸಿ, ‘ಮ್ಯಾಕ್ ಬಾರಯ್ಯ’ ಎಂದ. ದ್ಯಾವಯ್ಯ ಒಂದು ಹೆಜ್ಜೆ ಹಿಂದೆ ಸರಿದು, ‘ಬ್ಯಾಡಿ ಗೌಡ್ರೆ, ಊರೋರೆಲ್ಲ ನೋಡ್ತಾವ್ರೆ’ ಎಂದ. ‘ನೋಡ್ಲಿ ಅಂತ್ಲೇ ಕರೀತಿರಾದು. ನೆಲದ ಮ್ಯಾಲೆ ಕುಂತೋನಿಗೆ ಯಾವನ್ಲಾ ಓಟು ಹಾಕ್ತಾನೆ? ಬಾ, ಕಲ್ಲೇನು ಸವೆದೋಗಕಿಲ್ಲ.’ ದ್ಯಾವಯ್ಯ ಹತ್ತಿ ಕೂತ. ಆ ಕಲ್ಲು ಇಷ್ಟು ತಣ್ಣಗಿರುತ್ತದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ದಿನಾ ನೋಡಿದ ಕಟ್ಟೆ, ಮುಟ್ಟಿದ್ದು ಅದೇ ಮೊದಲು. ಎದ್ದು ಹೊರಡುವಾಗ ಗೌಡ ಎಲ್ಲರಿಗೂ ಕೇಳುವಂತೆ ಒಂದು ಮಾತು ಕೊಟ್ಟ: ‘ಗೆಲ್ಲಲಿ, ಸೋಲಲಿ, ಎಣಿಕೆ ಮುಗಿದ ದಿವ್ಸ ಹೊತ್ತು ಇಳಿಯೋವಾಗ ಇಬ್ರೂ ಇಲ್ಲೇ ಬಂದು ಜೋಡೀಲಿ ಕೂರ್ತೀವಿ.’

ಊರು ಎದುರಾಡಲಿಲ್ಲ. ಪಟೇಲರ ಮನೆಯವನಿಗೆ ಎದುರಾಡುವುದುಂಟೇ? ಓಟಿನ ದಿನ ಎಲ್ಲರೂ ಮಡಿ ಬಟ್ಟೆ ಉಟ್ಟು ಸಾಲಾಗಿ ಹೋದರು. ಪರದೆಯ ಹಿಂದೆ ನೋಡಿದರೆ ಗೌಡನ ಪೆಟ್ಟಿಗೆಯೂ ದ್ಯಾವಯ್ಯನ ಪೆಟ್ಟಿಗೆಯೂ ಒಂದಕ್ಕೊಂದು ತಾಗಿಕೊಂಡು ಕೂತಿವೆ! ಮೊದಲು ಒಳಗೆ ಹೋದ ಯಜಮಾನರೊಬ್ಬರು ಹೊರಗೆ ಬಂದು, ‘ಎರಡೂ ಮುಟ್ಕಂಡವೆ ಕಣ್ರಪ್ಪಾ, ವಸಿ ದೂರ ಇಡ್ಸಿ’ ಎಂದು ಅಧಿಕಾರಿಯನ್ನು ಕೇಳಿದರಂತೆ. ಅಧಿಕಾರಿ ಗದರಿಸಿ ಕಳಿಸಿದರು. ಬೆಂಚಿನ ಆ ತುದಿಯಲ್ಲಿ ಗೌಡನ ಎದುರಾಳಿಯ ಪೆಟ್ಟಿಗೆ ಒಂಟಿಯಾಗಿ, ಯಾರನ್ನೂ ಮುಟ್ಟದೆ ಕೂತಿತ್ತು. ಹುಲ್ಲೇಗಾಲದ ಮೇಲಿನ ಬೀದಿಗಳೆಲ್ಲ ತಮ್ಮ ಗೌಡನನ್ನು ಬಿಟ್ಟು ಅದಕ್ಕೇ ಒಂದು ಚೀಟಿ ಹಾಕಿ, ಇನ್ನೊಂದು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದವು ಎನ್ನುತ್ತಾರೆ. ಮರದ ಪೆಟ್ಟಿಗೆಗೋ ತಗಡಿನ ಪೆಟ್ಟಿಗೆಗೋ ಮೈಲಿಗೆಯಂತೆ! ನಗಬೇಕೋ ಅಳಬೇಕೋ. ಇತ್ತ ಕೇರಿಗಳು ಮಾತ್ರ ಗೌಡನಿಗೊಂದು, ದ್ಯಾವಯ್ಯನಿಗೊಂದು ಎಂದು ತಪ್ಪದೆ ಹಾಕಿದ್ದವು.

ಎಣಿಕೆ ಮುಗಿಯಿತು. ಮೀಸಲು ಸ್ಥಾನಕ್ಕೆ ಕೇರಿಗಳ ಚೀಟಿಯೇ ಸಾಕಾಗಿ ದ್ಯಾವಯ್ಯ ಗೆದ್ದಿದ್ದ, ಗೌಡ ಸೋತಿದ್ದ. ಹಾರ ಹಾಕಲು ಬಂದವರನ್ನು ತಾಲ್ಲೂಕು ಕಚೇರಿಯ ಮುಂದೆಯೇ ಬಿಟ್ಟು ದ್ಯಾವಯ್ಯ ಊರಿಗೆ ನಡೆದ. ಹೊತ್ತು ಇಳಿಯುತ್ತಿತ್ತು. ಕಟ್ಟೆ ಖಾಲಿಯಿತ್ತು. ಒಬ್ಬನೇ ಹತ್ತಿ ಕೂರಲು ಅಳುಕಾದರೂ, ಮಾತು ಕೊಟ್ಟಾಗಿದೆ ಎಂದು ಹತ್ತಿ, ತನ್ನ ಮಗ್ಗುಲಲ್ಲಿ ಕೂತು, ಗೌಡನ ಮಗ್ಗುಲನ್ನು ಬಿಟ್ಟ. ಗೌಡ ಬರಲಿಲ್ಲ. ಕತ್ತಲಾಯಿತು, ಬರಲಿಲ್ಲ. ಮಾರನೆಯ ದಿನ ಕುಲದ ಯಜಮಾನರು ಗೌಡನ ಜಗುಲಿಯಲ್ಲಿ ಕೂತಿದ್ದ ಸುದ್ದಿ ಕೇರಿಗೂ ಬಂತು. ‘ನಿಮ್ಮ ಹೆಣ್ಮಕ್ಕಳನ್ನ ತರೋರು ಯಾರು ಗೌಡ್ರೆ? ನಿಮ್ಮ ಮನೇಲಿ ಉಣ್ಣೋರು ಯಾರು?’ ಎಂದು ಕೇಳಿದರಂತೆ. ಗೌಡ ತಲೆ ತಗ್ಗಿಸಿ, ಇನ್ನು ಅವನ ಜೊತೆ ಕೂರುವುದಿಲ್ಲ ಎಂದು ಮನೆದೇವರ ಮುಂದೆ ಒಪ್ಪಿಕೊಂಡ. ಇದನ್ನು ಕೇಳಿದಾಗ ದ್ಯಾವಯ್ಯನಿಗೆ ದುಃಖವಾಗಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಿಗೆ ಕೂತ ಕಾಲಿನಂತೆ ಅವನ ಮನಸ್ಸು ಜೋಮು ಹಿಡಿದುಹೋಗಿತ್ತು. ಹೆಂಡತಿ ಇಟ್ಟ ಮುದ್ದೆಯನ್ನು ಉಂಡ, ಕೈ ತೊಳೆದ, ಸಂಜೆಗೆ ಹೋಗಿ ಮತ್ತೆ ಕಟ್ಟೆಯ ಮೇಲೆ ಕೂತ.

ಅಂದಿನಿಂದ ಊರಿನಲ್ಲಿದ್ದ ಸಂಜೆಗಳಲ್ಲೆಲ್ಲ ಅವನು ಅಲ್ಲಿ ಕೂತ. ಸದಸ್ಯನೆಂಬ ಹೆದರಿಕೆಗೆ ಯಾರೂ ಅವನನ್ನು ಇಳಿಸಲಿಲ್ಲ. ತಾವು ಕೂರುವುದನ್ನು ಬಿಟ್ಟರು. ಹಿರಿಯರ ಹರಟೆ ಊರೊಳಗಿನ ಚಾವಡಿಗೆ ಹೋಯಿತು. ಗೌಡ ತನ್ನ ತೋಟಕ್ಕೆ ಈ ದಾರಿ ಬಿಟ್ಟು, ಗದ್ದೆಯ ಬದುಗಳ ಮೇಲೆ ಸುತ್ತು ಹಾಕಿಕೊಂಡು ಹೋಗತೊಡಗಿದ. ದೂರದಲ್ಲಿ ಅವನ ರುಮಾಲು ಕಂಡಾಗ ದ್ಯಾವಯ್ಯ ಎದ್ದು ನಿಲ್ಲುತ್ತಿದ್ದ, ರುಮಾಲು ಮರೆಯಾದ ಮೇಲೆ ಕೂರುತ್ತಿದ್ದ. ಅಷ್ಟರಲ್ಲಿ ದೆಹಲಿಯಲ್ಲಿ ಕಾನೂನು ಬದಲಾಗಿ ಜೋಡಿ ಸೀಟುಗಳೆಲ್ಲ ರದ್ದಾದವು. ಹುಲ್ಲೇಗಾಲಕ್ಕೆ ಉಳಿದದ್ದು ಮೀಸಲಿಲ್ಲದ ಒಂದೇ ಸ್ಥಾನ, ಅದು ದ್ಯಾವಯ್ಯನದಲ್ಲ. ಮುಂದಿನ ಚುನಾವಣೆಗೆ ಅವನು ಬರೀ ಮೇಷ್ಟ್ರಾದ. ಇನ್ನೂ ಮುಂದೆ ಗಡಿಗಳನ್ನು ಹೊಸದಾಗಿ ಎಳೆದಾಗ ಹುಲ್ಲೇಗಾಲದ ಹೆಸರೇ ಹೋಗಿ ಊರುಗಳು ಅಕ್ಕಪಕ್ಕದ ಮೂರು ಕ್ಷೇತ್ರಗಳಿಗೆ ಹಂಚಿಹೋದವು. ಕ್ಷೇತ್ರದ ಚರಿತ್ರೆ ಇಷ್ಟೇ.

ಸದಸ್ಯಗಿರಿ ಹೋದ ವಾರವೇ ಮೇಲಿನ ಬೀದಿಯ ನಾಲ್ಕಾರು ಜನ ಬಂದು ಕಟ್ಟೆಯ ಮುಂದೆ ನಿಂತರು. ‘ಮೆಂಬರಾಗಿದ್ದೆ, ಕುಂತಿದ್ದೆ. ಈಗೇನು? ಇಳಿಯಪ್ಪ’ ಎಂದರು. ದ್ಯಾವಯ್ಯ ಧ್ವನಿ ಏರಿಸಲಿಲ್ಲ. ‘ಕೂರು ಅಂದೋರು ಗೌಡ್ರು. ಅವರು ಬಂದು ಇಳಿ ಅನ್ಲಿ, ಇಳೀತೀನಿ’ ಎಂದ. ಅವರು ನೆಟ್ಟಗೆ ಗೌಡನ ಮನೆಗೆ ಹೋದರು. ಗೌಡ ಎಲ್ಲವನ್ನೂ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಒಳಗೆದ್ದು ಹೋದ. ಕರೆಯಲು ಬರಲಿಲ್ಲ, ಇಳಿಸಲೂ ಬರಲಿಲ್ಲ. ಅದನ್ನು ಉಪಕಾರ ಎನ್ನಬೇಕೋ ಹೇಡಿತನ ಎನ್ನಬೇಕೋ ಎಂದು ಊರಿನಲ್ಲಿ ಈಗಲೂ ಜಗಳವಿದೆ. ದ್ಯಾವಯ್ಯ ಮಾತ್ರ ಎಂದಿನಂತೆ ಅರ್ಧ ಜಾಗ ಬಿಟ್ಟು ಕೂತ. ಯಾರಿಗೆ ಕಾಯುತ್ತೀ ಎಂದು ಕೇಳಿದರೆ, ‘ಕಾಯಾದೇನಿಲ್ಲ, ಜಾಗ ಬಿಟ್ಟಿದೀನಿ ಅಷ್ಟೆ’ ಎನ್ನುತ್ತಿದ್ದನಂತೆ. ಹೀಗೆ ಇಬ್ಬರಿಗೂ ತಲೆ ನೆರೆಯಿತು.

ಒಂದು ಬೇಸಿಗೆಯ ಸಂಜೆ ಊರಿನ ಕಡೆಯಿಂದ ತಮಟೆ ಕೇಳಿಸಿತು. ಕಾಳತಮ್ಮೇಗೌಡನ ಚಟ್ಟ ಬರುತ್ತಿತ್ತು. ಮಸಣಕ್ಕೆ ಹೋಗುವ ನಡುದಾರಿಯಲ್ಲಿ ಹೆಣ ಇಳಿಸಿ, ಹೊತ್ತವರು ಹೆಗಲು ಬದಲಿಸುವುದು ಆ ಸೀಮೆಯ ಪದ್ಧತಿ. ಕಟ್ಟೆಯ ಎದುರಿಗೇ ಅದಕ್ಕೆಂದು ಒಂದು ಬಂಡೆಯಿತ್ತು. ಹೊತ್ತವರು ಬಂಡೆಯ ಕಡೆ ತಿರುಗಿದಾಗ ಹಿಂದೆ ಬರುತ್ತಿದ್ದ ಗೌಡನ ಹೆಂಡತಿ ನಿಂಗಾಜಮ್ಮ, ‘ಅಲ್ಲಲ್ಲ. ಕಟ್ಟೆ ಮ್ಯಾಲೆ ಇಳಿಸ್ರಪ್ಪ. ಅವರು ಹಂಗೇ ಹೇಳವ್ರೆ’ ಎಂದಳು. ಕಟ್ಟೆಯ ಮೇಲೆ ದ್ಯಾವಯ್ಯ ಕೂತಿದ್ದ. ತಮಟೆ ನಿಂತಿತು. ‘ವಸಿ ಎದ್ದು ಆಚೀಕೆ ಹೋಗು ದ್ಯಾವಯ್ಯ’ ಎಂದು ಯಾರೋ ಅಂದರು. ಅವನು ಏಳಲು ನೆಲಕ್ಕೆ ಕಾಲೂರಿದ. ನಿಂಗಾಜಮ್ಮ ಮುಂದೆ ಬಂದಳು. ‘ನೀನು ಏಳಬ್ಯಾಡ. ನೀನು ಎದ್ರೆ ಅವರು ಬಂದೂ ದಂಡ’ ಎಂದಳು.

ಚಟ್ಟವನ್ನು ಗೌಡನ ಮಗ್ಗುಲಲ್ಲಿ ಇಳಿಸಿದರು. ಅಷ್ಟು ವರ್ಷ ಬಿಟ್ಟಿದ್ದ ಜಾಗಕ್ಕೆ ಸರಿಯಾಗಿ ತಲೆಯ ಭಾಗ ಬಂತು. ದ್ಯಾವಯ್ಯ ಅಳುತ್ತಾನೆಂದು ಎಲ್ಲರೂ ನೋಡಿದರು; ಅಳು ಬರಲಿಲ್ಲ. ಗೌಡನ ಮುಖದ ಮೇಲೆ ನೊಣ ಕೂರುತ್ತಿದ್ದವು. ದ್ಯಾವಯ್ಯ ಹೆಗಲ ಮೇಲಿನ ಟವೆಲು ತೆಗೆದು ಆ ನೊಣಗಳನ್ನಷ್ಟೇ ಓಡಿಸುತ್ತ ಕೂತ. ಹೊತ್ತವರು ಹೆಗಲು ಬದಲಿಸಿ ಚಟ್ಟ ಎತ್ತಿದ ಮೇಲೆ ಟವೆಲಿನಿಂದ ಆ ಚಪ್ಪಡಿಯನ್ನು ಒರೆಸಿ, ಕೆಳಗಿಳಿದು, ಕೇರಿಯ ದಾರಿ ಹಿಡಿದ. ಮತ್ತೆ ಎಂದೂ ಆ ಕಟ್ಟೆ ಹತ್ತಲಿಲ್ಲ. ಅವನೇ ಹೋದಾಗ ಕೇರಿಯವರು ಅವನ ಚಟ್ಟವನ್ನೂ ತಂದು ಅಲ್ಲೇ ಇಳಿಸಿದರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆಗಿನಿಂದ ಅದು ಜೋಡಿಕಟ್ಟೆ.

ಇಂದಿಗೂ ಹುಲ್ಲೇಗಾಲದಲ್ಲಿ ಮೇಲಿನ ಬೀದಿಯವರದಾಗಲಿ ಕೇರಿಯವರದಾಗಲಿ, ಹೆಣವನ್ನು ಇಳಿಸುವುದು ಆ ಕಟ್ಟೆಯ ಮೇಲೇ. ಎದುರಿನ ಬಂಡೆಗೆ ಗಿಡ ಬೆಳೆದಿದೆ. ಚುನಾವಣೆ ಬಂದಾಗ ಮೂರು ಕ್ಷೇತ್ರಗಳ ಹುರಿಯಾಳುಗಳೂ ಈ ದಾರಿಯಲ್ಲೇ ಓಡಾಡುತ್ತಾರೆ, ಮರದ ಕೆಳಗೆ ಜೀಪು ನಿಲ್ಲಿಸಿ ನಿಂತೇ ಭಾಷಣ ಮಾಡಿ ಹೋಗುತ್ತಾರೆ. ನೀವು ಹೋದರೂ ಕಾಣುವುದು ಅದೇ: ಒಂದು ಮಗ್ಗುಲು ನುಣುಪಾದ ಚಪ್ಪಡಿ, ಇನ್ನೊಂದು ಮಗ್ಗುಲಲ್ಲಿ ಚೆಲ್ಲಿದ ಒಂದಿಷ್ಟು ಪುರಿ, ಬಾಡಿದ ಹೂವು. ಬಿಸಿಲಿಗೆ ಬೆವರುತ್ತ ಬಸ್ಸಿಗೆ ಕಾಯುವವರನ್ನು, ನೆರಳಲ್ಲಿ ಕೂರಬಾರದೇ ಎಂದು ಕೇಳಿ ನೋಡಿ. ‘ಕೂರ್ತೀವಿ ಬುಡಿ ಸ್ವಾಮಿ, ಎಲ್ರೂ ಒಂದಿನ ಬಂದೇ ಬತ್ತೀವಿ’ ಎನ್ನುತ್ತಾರೆ.