ಹಡಗಿನಲ್ಲಿ ಬಂದ ಪ್ರಿಂಟರೂ ರಾಣಿಯ ಓಲೆಯೂ

"ಕೇಳಿರಿ, ಕೇಳಿರಿ! ರಾಣಿಯಮ್ಮನವರು ಕಡೆಗಾಲದಲ್ಲಿ ಮಗಳಿಗೆಂದು ಬರೆದ ಓಲೆ ಅರಮನೆಯ ಹಳೆ ಕಂಪ್ಯೂಟರಿನಲ್ಲಿ ಉಳಿದಿದೆ. ಹೊಸ ಪ್ರಿಂಟರಿನಿಂದ ಅದನ್ನು ಕಾಗದಕ್ಕೆ ಇಳಿಸಬಲ್ಲವರು ಬರಬಹುದು. ಮುಟ್ಟುವ ಮೊದಲು ಅಮ್ಮಣ್ಣಿ ತಾರಾವಳಿಯವರ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಬೇಡಿದ್ದು ಸಿಕ್ಕೀತು. ಸೋತವರಿಗೆ ಹುಣ್ಣಿಮೆಯ ದಿನ ತಲೆ ಹೋದೀತು!"

ಡಂಗುರದ ಸದ್ದು ಮೋಡಕ್ಕೆ ತಾಗಿ, ಮೆತ್ತಗಾಗಿ, ಊರಿಗೆ ಇಳಿಯಿತಂತೆ. ಮುಗಿಲೂರು ಅಂದರೆ ಹಾಗೇ ನೋಡಿ. ಅಲ್ಲಿ ಮೋಡಗಳು ಮೆಲುಕು ಹಾಕುವ ಹಸುಗಳ ಹಾಗೆ ಅರಮನೆ ಮೆಟ್ಟಿಲ ಮೇಲೆ ಮಲಗಿರುತ್ತಿದ್ದವು. ಒಳಗೆ ಹೋಗುವವರು "ಸ್ವಲ್ಪ ಸರಿಯವ್ವಾ" ಅಂತ ಬೆನ್ನು ಸವರಿ ದಾಟಬೇಕು.

ಒಳಗೆ ಗಾಜಿನ ಮಂಟಪದಲ್ಲಿ ಹಳೆ ಕಂಪ್ಯೂಟರು ದುಂಬಿಯಂತೆ ಗುಂಯ್ ಅನ್ನುತ್ತಿತ್ತು. ಪರದೆ ದಿನದಿನಕ್ಕೆ ಮಂಕಾಗುತ್ತಿತ್ತು. ಓಲೆ ತೆರೆದರೆ ಸಣ್ಣ ಅಕ್ಷರಗಳೆಲ್ಲ ನೀರಿನಡಿಯ ಮೀನುಗಳಂತೆ ಜಾರಿಹೋಗುವವು, ಒಂದು ಸಾಲೂ ಓದಲಾಗದು. ಅದರ ಜೊತೆಗಿದ್ದ ಹಳೆ ಪ್ರಿಂಟರು ರಾಣಿಯ ಹಿಂದೆಯೇ ತೀರಿಹೋಗಿತ್ತು. ಹಡಗಿನಲ್ಲಿ ಬಂದ ಹೊಸದು ಬೆಳ್ಳಗೆ ಪಕ್ಕದಲ್ಲೇ ಕೂತಿದ್ದರೂ ತುಟಿ ಬಿಚ್ಚಲಿಲ್ಲ. ಮೊದಲು ಬಂದ ರಿಪೇರಿಯವನೊಬ್ಬ ಅವಸರದಲ್ಲಿ ಏನೋ ಒತ್ತಿ, ರಾಣಿ ಬರೆದಿಟ್ಟಿದ್ದ ಹಾಡುಗಳನ್ನೆಲ್ಲ ಅಳಿಸಿಬಿಟ್ಟಿದ್ದ. ಅಮ್ಮಣ್ಣಿ ಹಟ ಹಿಡಿದದ್ದು ಅದಕ್ಕೇ. "ಅರ್ಥ ಆದವರು ಮಾತ್ರ ಮುಟ್ಟಲಿ. ಅಮ್ಮನ ಮಾತು ಹೋದರೆ ಮತ್ತೆ ಬರೋದಿಲ್ಲ."

ಡಂಗುರ ಕೇಳಿ ಮೊದಲು ಬಂದವನು ಮೂಡಣ ದೇಶದ ಅರಸುಮಗ. ಅಮ್ಮಣ್ಣಿ ಕೇಳಿದಳು: "ಒಬ್ಬಳ ಹೊಟ್ಟೆ ತುಂಬ ಮಾತು, ಬಾಯಿಲ್ಲ. ಇನ್ನೊಬ್ಬನಿಗೆ ಬಾಯಿದೆ, ಮಾತಿಲ್ಲ. ಒಂದೇ ದಾರದಲ್ಲಿ ಕಟ್ಟಿ ಕೂರಿಸಿದ್ದೇವೆ. ಆದರೂ ಒಬ್ಬರಿಗೊಬ್ಬರು ಗುರುತಿಲ್ಲ. ಇಬ್ಬರ ನಡುವೆ ಇಲ್ಲದ್ದು ಯಾವುದು?"

"ಒಳ್ಳೇ ದಾರ! ಚಿನ್ನದ ತಂತಿ ತಂದಿದ್ದೀನಿ," ಅಂದ ಅವನು. ಕಾವಲಿನವರು ಅವನನ್ನು ತಂತಿಯ ಸಮೇತ ಸೆರೆಮನೆಗೆ ಕರೆದೊಯ್ದರು.

ಆಮೇಲೆ ಬಂದ ದಳವಾಯಿ ಮೀಸೆ ತಿರುವಿ, "ಇಲ್ಲದ್ದು ಹೆದರಿಕೆ! ಆ ಮುದುಕಿಯನ್ನ ಆಚೆ ಎಸೀರಿ, ಹೊಸ ಕಂಪ್ಯೂಟರು ತನ್ನಿ, ಹೊಸಬ ತಾನೇ ಬಾಯಿ ಬಿಡ್ತಾನೆ," ಅಂದ.

"ಅಮ್ಮನ ಓಲೆ?"

ದಳವಾಯಿಯ ಮೀಸೆ ಇಳಿಯಿತು. ಅವನೂ ಸೆರೆಮನೆ ಸೇರಿದ.

ಹುಣ್ಣಿಮೆಗೆ ಇನ್ನು ಎರಡೇ ದಿನ. ಆಗ ಬಂದವನು ಹೊಂಬಯ್ಯ. ಹೊಳೆದಂಡೆಯಲ್ಲಿ ಬಟ್ಟೆಗೆ ಮರದ ಅಚ್ಚಿನಿಂದ ಬಣ್ಣ ಒತ್ತುವವನು, ಬೆರಳುಗಳೆಲ್ಲ ನೀಲಿ. ಓದು ಬರದು. ಬಟ್ಟೆ ಜಾಲಿಸುವಾಗ ಅಮ್ಮಣ್ಣಿ ಅಳುವುದು ಗಾಳಿಯಲ್ಲಿ ತೇಲಿಬರುತ್ತಿತ್ತು. ತಾಯಿಯನ್ನು ಕಳೆದುಕೊಂಡಿದ್ದ ಅವನಿಗೆ ಅದನ್ನು ಕೇಳಿ ಕೂರಲಾಗಲಿಲ್ಲ.

"ತಲೆ ಭಾರ ಆಯ್ತೇನಯ್ಯಾ?" ಅಂದ ಕಾವಲಿನವನು.

"ಅದರಲ್ಲಿ ಏನೂ ಇಲ್ಲವಲ್ಲ ಬುದ್ಧಿ, ಹಗುರವಾಗೇ ಇದೆ," ಅಂದ ಹೊಂಬಯ್ಯ.

ಅಮ್ಮಣ್ಣಿ ಅದೇ ಒಗಟು ಕೇಳಿದಳು. ಹೊಂಬಯ್ಯ ತನ್ನ ಬೆರಳು ನೋಡಿಕೊಂಡ.

"ಬಟ್ಟೆಗೂ ಬಣ್ಣಕ್ಕೂ ನೇರ ನಂಟಿಲ್ಲ ಅಮ್ಮಣ್ಣಿ. ಮೊದಲು ಬಟ್ಟೇನ ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸಬೇಕು. ಇಲ್ಲದಿದ್ರೆ ಒಂದೇ ಒಗೆತಕ್ಕೆ ಬಣ್ಣ ಹೊಳೆಪಾಲು. ಇವರಿಬ್ಬರ ನಡುವೆ ಇಲ್ಲದ್ದು ಅಂಥ ನಡುವಿನವನು. ಇವಳು ಹೇಳಿದ್ದನ್ನ ಅವನ ಮಾತಿಗೆ ತಿರುಗಿಸೋ ದುಭಾಷಿ."

ಮೋಡವೊಂದು ಕಿಟಕಿಯಿಂದ ಒಳಗೆ ಬಂದು ಕೂತಿತು. ಅಮ್ಮಣ್ಣಿ ಎರಡನೆಯದು ಕೇಳಿದಳು: "ಹೊಸಬನ ಜೊತೆ ದುಭಾಷಿಯೂ ಒಂದು ಡಿಸ್ಕಿನೊಳಗೆ ಕೂತು ಹಡಗಿನಲ್ಲಿ ಬಂದಿದ್ದಾನೆ. ಹಳಬಳ ಬಾಗಿಲು ತೆರೆದಿದೆ, ಕಾವಲಿಲ್ಲ. ಆದರೂ ಅವನು ಹೊಸಿಲು ದಾಟಲಾರ. ಯಾಕೆ?"

"ಆ ದುಭಾಷಿಗೆ ವಯಸ್ಸೆಷ್ಟು ತಾಯಿ?"

"ಹೊಸಬನ ವಯಸ್ಸೇ."

"ಹಾಗಾದ್ರೆ ಅವನು ಹುಟ್ಟೋ ಹೊತ್ತಿಗೆ ಈ ಅಜ್ಜಿಯ ಮಾತು ಊರಲ್ಲಿ ನಿಂತೇಹೋಗಿತ್ತು. ಅವನಿಗೆ ಯಾರೂ ಕಲಿಸಲಿಲ್ಲ. ಬಾಗಿಲ ತಪ್ಪಲ್ಲ, ಅಜ್ಜಿಯ ತಪ್ಪೂ ಅಲ್ಲ."

ಅಮ್ಮಣ್ಣಿ ಮೂರನೆಯದಕ್ಕೆ ಬಂದಳು. ಇಷ್ಟು ದೂರ ಯಾರೂ ಬಂದಿರಲಿಲ್ಲ. "ಹಳಬಳು ಹೊಸದು ಕಲಿಯಹೋದರೆ ಹೊಟ್ಟೆಯ ಮಾತೆಲ್ಲ ಮರೀತಾಳೆ. ಹೊಸಬನನ್ನ ಕೇಳಿದರೆ ಹಳೇದು ಗೊತ್ತಿಲ್ಲ ಅಂತಾನೆ. ಯಾರು ಬಗ್ಗಬೇಕು? ಹೇಗೆ ಬಗ್ಗಿಸಬೇಕು?"

ಹೊಂಬಯ್ಯ ಹೊಸ ಪ್ರಿಂಟರನ್ನು ಹಿಂದೆ ಮುಂದೆ ನೋಡಿದ. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಬದಿಯಲ್ಲಿ ಕೂತು ನೋಡುತ್ತಿದ್ದ ಅಮ್ಮಣ್ಣಿಯ ಅಪ್ಪ, ರಾಜ, ಸಿಂಹಾಸನದ ತುದಿಗೆ ಬಂದ. ಕಾವಲಿನವನು ಹೊಂಬಯ್ಯನ ಹೆಗಲ ಮೇಲೆ ಕೈಯಿಟ್ಟ.

"ಹೊಸಬನೇ ಬಗ್ಗಬೇಕು," ಅಂದ ಹೊಂಬಯ್ಯ ಕಡೆಗೆ. "ನಾವು ಹೊಸ ಅಚ್ಚು ಕೆತ್ತಿದರೂ ಮೂಲೆಯಲ್ಲಿ, ಸಾಲಿಗೆ ಸಾಲು ಕೂಡಿಸೋಕೆ, ಅಜ್ಜನ ಕಾಲದ ಚುಕ್ಕೆಯನ್ನೇ ಇಡ್ತೀವಿ. ಇಲ್ಲದಿದ್ರೆ ಹಳೆ ಬಳ್ಳಿಗೆ ಹೊಸ ಹೂ ಕೂಡೋದಿಲ್ಲ. ಇವನನ್ನ ಮಾಡಿದವರೂ ಇವನೊಳಗೆ ಅಜ್ಜನ ಮಾತು ಇಟ್ಟೇ ಇರ್ತಾರೆ. ಇವನ ಹೆಸರು ಹಿಡಿದು ಕರೀಬೇಡಿ, ಅಜ್ಜನ ಹೆಸರಲ್ಲಿ ಕರೀರಿ. ನನಗೆ ಓದು ಬರೋದಿಲ್ಲ, ನೀವೇ ನೋಡಿ. ಇವನ ಬೆನ್ನ ಮೇಲೆ ಏನಿದೆ?"

"ಹಂಸ ಒಂಬತ್ತು."

"ಅಜ್ಜಿಗೆ ಗೊತ್ತಿರೋ ಪ್ರಿಂಟರುಗಳ ಪಟ್ಟಿ ಇದ್ರೆ ತೆಗೀರಿ. ಹಂಸದ ಮನೆತನದವರು ಯಾರಾದರೂ ಇದ್ದಾರಾ?"

ಅಮ್ಮಣ್ಣಿ ಪರದೆಗೆ ಮೂಗು ತಾಗಿಸಿ, ದಪ್ಪ ಅಕ್ಷರದಲ್ಲಿದ್ದ ಹೆಸರುಗಳನ್ನು ಒಂದೊಂದೇ ಕೂಡಿಸಿ ಓದಿದಳು. "ಗಿಳಿ... ಕೊಕ್ಕರೆ... ಹಂಸ ಎರಡು!"

"ಇವನೇ ಹಂಸ ಎರಡು ಅಂತ ಅಜ್ಜಿಗೆ ಹೇಳಿ."

ಹೇಳಿದಳು. ಆಗ ಬೆಳ್ಳಗಿನ ಪ್ರಿಂಟರು ನಿದ್ದೆಯಿಂದ ಎದ್ದ ಕೂಸಿನ ಹಾಗೆ ಒಮ್ಮೆ ಮುಲುಗಿತು. ಆಮೇಲೆ ಕರ್, ಕರ್ ಅಂತ ಕಾಗದವನ್ನು ಹೊರಗೆ ನೀಡಿತು. ರಾಣಿಯ ಓಲೆ ಪೂರ್ತಿ ಬಂದ ಮೇಲೆ ಹಳೆ ಪರದೆ ಮೆಲ್ಲಗೆ ಆರಿಹೋಯಿತು.

ಅಮ್ಮಣ್ಣಿ ಓದಿದಳು. "ಮಗಳೇ, ನಿನ್ನ ಬಾಗಿಲಿಗೆ ದಿನಾ ಯಾರಾದರೂ ಬರುತ್ತಾರೆ. ಏನು ಬಂದಿರಿ ಅಂತ ಆಮೇಲೆ ಕೇಳು. ಮೊದಲು, ಉಂಡಿರಾ ಅಂತ ಕೇಳು."

ಅಲ್ಲಿಗೇ ನಿಂತಳು. ಕಣ್ಣೀರು ಕಾಗದದ ಮೇಲೆ ಬೀಳಬಾರದೆಂದು ದೂರ ಹಿಡಿದಳು.

"ಕೇಳಪ್ಪಾ, ಏನು ಬೇಕೋ ಕೇಳು," ಅಂದ ರಾಜ.

"ಒಳಗಿರೋ ಇಬ್ಬರ ತಲೆ ಅವರಿಗೇ ಬಿಟ್ಟುಬಿಡಿ ಬುದ್ಧಿ."

"ಬಿಟ್ಟೆ. ನಿನಗೆ?"

ಹೊಂಬಯ್ಯ ನೆಲ ನೋಡಿದ. ಅಮ್ಮಣ್ಣಿ ಹತ್ತಿರ ಬಂದು, "ಊಟ ಆಯ್ತಾ?" ಅಂತ ಕೇಳಿದಳು. ಮೂರು ಒಗಟು ಬಿಡಿಸಿದವನಿಗೆ ಇದಕ್ಕೆ ಉತ್ತರ ಬರಲಿಲ್ಲ. ಅವನ ಅಮ್ಮ ಹೋದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ.

ಅವತ್ತು ನಾಲ್ಕು ಎಲೆ ಹಾಕಿದರು. ಅರಸುಮಗ, ದಳವಾಯಿ, ಹೊಂಬಯ್ಯ ಸಾಲಾಗಿ ಕೂತರು. ಅಮ್ಮಣ್ಣಿ ತಾನೇ ಬಡಿಸಿ, ನಾಲ್ಕನೆಯ ಎಲೆಗೆ ಹೊಂಬಯ್ಯನ ಪಕ್ಕದಲ್ಲಿ ಕೂತಳು. ಮದುವೆ ಮಾತು ಆಡಿದ್ದು ಪಾಯಸ ಬಂದ ಮೇಲೆ.