ತೂಬಿನವನ ಗೋಡೆಯ ಖಾಲಿ ಮೊಳೆ

“ನಮಗೆ ಮೋಸ ಮಾಡಿದರು, ಗುರುಗಳೇ. ಬೀದಿ ವ್ಯಾಪಾರಿಗಳ ಪಟ್ಟಿಗೆ ಹೆಸರು ಬರೆಸುವ ಕೊನೆಯ ದಿನವನ್ನು ನಗರಸಭೆ ತನ್ನ ಜಾಲತಾಣದಲ್ಲಿ ಹಾಕಿ ಸುಮ್ಮನಾಯಿತು. ನಮ್ಮವ್ವ ಇಪ್ಪತ್ತು ವರ್ಷ ಹೂವು ಮಾರಿದ ಜಾಗ ಬೇರೆಯವರ ಪಾಲಾಯಿತು. ದಿನವಿಡೀ ಫೋನಿನಲ್ಲಿ ಸಾಮಾಜಿಕ ಜಾಲತಾಣ ನೋಡುವ ನನಗೆ ಆ ಒಂದು ಸುದ್ದಿ ಏಕೆ ಕಾಣಲಿಲ್ಲ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಇಟ್ಟಿಗೆ ಮಾಡುವವನೊಬ್ಬನಿದ್ದ. ಬೇಸಗೆಯಲ್ಲಿ ಕೆರೆಯ ಕೆಳಗಿನ ಒಣ ಹಳ್ಳದಲ್ಲಿ ಹಸಿ ಇಟ್ಟಿಗೆ ಒಣಹಾಕುತ್ತಿದ್ದ. ಕೆರೆಯ ತೂಬು ತೆರೆದರೆ ನೀರು ಅದೇ ಹಳ್ಳದಲ್ಲಿ ಬರುತ್ತಿತ್ತು.

ತೂಬು ಕಾಯುವವನ ಮನೆಯ ಗೋಡೆಗೆ ಮೊಳೆಗಳಿದ್ದವು. ಬೇಕಾದವರು ತಮ್ಮ ಹೆಸರಿನ ಸಂಚಿಯನ್ನು ಒಂದು ಸಲ ಅಲ್ಲಿ ತೂಗುಹಾಕಿದರೆ ಸಾಕು. ತೂಬು ತೆರೆಯುವ ಮುಂಚೆ ಅವನು ಪ್ರತಿ ಸಂಚಿಗೂ ಚೀಟಿ ಹಾಕುತ್ತಿದ್ದ. ಓಲೆಕಾರ ಆ ಚೀಟಿಗಳನ್ನು ಮನೆಗೆ ಮುಟ್ಟಿಸುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.

ಊರಿಗೆ ಕಡಲೆ ಮಾರುವ ವ್ಯಾಪಾರಿಯೊಬ್ಬ ಬಂದ. “ಸುದ್ದಿಗಾಗಿ ಹತ್ತು ಬಾಗಿಲಲ್ಲಿ ಹತ್ತು ಸಂಚಿ ಏಕೆ? ನನ್ನ ಜಗಲಿಗೆ ಬನ್ನಿ, ಎಲ್ಲ ಸುದ್ದಿಯೂ ಪುಕ್ಕಟೆ” ಎಂದ. ಇಟ್ಟಿಗೆಯವನು ತನ್ನ ಸಂಚಿಯನ್ನು ಮೊಳೆಯಿಂದ ತೆಗೆದು ತಂದ. ದಿನಾ ಜಗಲಿಯಲ್ಲಿ ಕೂತು ಕೇಳಿದ. ಏಳುವಾಗ ಅದೇ ಸಂಚಿಗೆ ಕಡಲೆ ತುಂಬಿಸಿಕೊಂಡ.

ಒಂದು ಮುಂಜಾನೆ ತೂಬು ತೆರೆಯಿತು. ಅವನೂ ಅವನ ಹೆಂಡತಿಯೂ ಮೂರು ತಿಂಗಳು ಮಣ್ಣು ತುಳಿದು ಮಾಡಿದ ಇಟ್ಟಿಗೆ ಮಧ್ಯಾಹ್ನದೊಳಗೆ ಮತ್ತೆ ಕೆಸರಾಯಿತು.

ಅವನು ಜಗಲಿಗೆ ಓಡಿದ. “ಸಾಹುಕಾರರೇ, ತೂಬಿನ ಸುದ್ದಿ ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತಪ್ಪ. ತೂಬಿನ ಮಾತು ಎತ್ತಿದರೆ ಜಗಲಿಯಲ್ಲಿ ಯಾರು ಕೂರುತ್ತಾರೆ? ನಿನ್ನೆ ಮಾವ ಅಳಿಯನ ಹೊಡೆದಾಟ ಹೇಳಿದಾಗ, ‘ಇನ್ನೊಂದು ಸಲ ಹೇಳಿ’ ಎಂದವನು ನೀನೇ ಅಲ್ಲವೇ?”

ಇಟ್ಟಿಗೆಯವನು ತೂಬಿನವನ ಮನೆಗೆ ಹೋದ. ತನ್ನ ಸಂಚಿ ಇದ್ದ ಮೊಳೆ ಖಾಲಿ ಇತ್ತು. ಪಕ್ಕದ ಮೊಳೆಯಲ್ಲಿ ಕುಂಬಾರನ ಸಂಚಿ ತೂಗುತ್ತಿತ್ತು. ಚೀಟಿ ಓದಿದ ಕುಂಬಾರ ಅದೇ ಹಳ್ಳದಲ್ಲಿದ್ದ ತನ್ನ ಹಸಿ ಮಡಕೆಗಳನ್ನು ಹಿಂದಿನ ದಿನವೇ ದಡಕ್ಕೆ ಸಾಗಿಸಿದ್ದ.

ಗುರು ಕತೆ ಮುಗಿಸಿದರು.

“ಆ ವ್ಯಾಪಾರಿಯನ್ನು ಊರಿಂದ ಓಡಿಸಬೇಕಿತ್ತು” ಎಂದ ಶಿಷ್ಯ.

“ಓಡಿಸು. ನಾಳೆ ಇನ್ನೊಬ್ಬ ಬರುತ್ತಾನೆ. ನಿನ್ನ ಸಂಚಿ ಎಲ್ಲಿದೆ ಹೇಳು. ನಗರಸಭೆಯ ಜಾಲತಾಣದಲ್ಲಿ ಫೀಡ್ ಎಂಬ ಗುರುತು ಇದೆ. ಫೀಡ್ ಓದುವ ಆ್ಯಪಿನಲ್ಲಿ ಅದಕ್ಕೆ ಒಮ್ಮೆ ಚಂದಾದಾರನಾದರೆ ಅವರು ಹಾಕಿದ್ದೆಲ್ಲ, ಹಾಕಿದ ಕ್ರಮದಲ್ಲೇ, ನಿನ್ನ ಫೋನಿಗೆ ಬರುತ್ತದೆ. ಕಾಸು ಕೊಡಬೇಕಿಲ್ಲ. ನಡುವೆ ಯಾರ ಜಗಲಿಯೂ ಇಲ್ಲ. ಆ ಗುರುತನ್ನು ನೀನು ನೋಡಿಲ್ಲವೇ?”

“ನೋಡಿದ್ದೆ. ಒತ್ತಲಿಲ್ಲ.”

ಗುರು ಅವನ ಕೈಯಲ್ಲಿದ್ದ ಫೋನನ್ನು ತೋರಿಸಿ ಹೇಳಿದರು:

“ಕಡಲೆಯನ್ನು ಚೆಲ್ಲು, ಸಂಚಿಯನ್ನು ತೂಗುಹಾಕು, ಈಗಲೇ.”